ಹಾಜರಿ ಹಲಗೆಯ ಆರು ಬಿಲ್ಲೆಗಳು

ಹೊರಡುವ ಮುಂಚೆ: ಟಿ. ದಾಸರಹಳ್ಳಿ

ಜಪಾನಿಗೆ ಹೋಗಿ ಬಂದವರನ್ನು ಊರಿನಲ್ಲಿ ಎಲ್ಲರೂ ಹೂವಿನ ಮರದ ಬಗ್ಗೆ, ಇಲ್ಲವೇ ಬುಲೆಟ್ ರೈಲಿನ ಬಗ್ಗೆ ಕೇಳುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಅವೆರಡೂ ಇಲ್ಲ. ಹನ್ನೊಂದು ದಿನ ನಾನು ಹೆಚ್ಚಾಗಿ ಎಣಿಸಿದ್ದು ಜನರನ್ನು. ಅದರಲ್ಲಿ ಒಂದು ಲೆಕ್ಕ ಒಂಬತ್ತನೆಯ ದಿನದವರೆಗೂ ತಾಳೆಯಾಗಲಿಲ್ಲ. ತಾಳೆಯಾದ ಮೇಲೆ, ಆಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನನ್ನ ಮನೆ ಬ್ಯಾಟರಾಯನಪುರ. ಹುಟ್ಟಿನಿಂದ ಬಲಗಾಲು ಗಿಡ್ಡ, ಹಾಗಾಗಿ ಬಲಗೈಯಲ್ಲಿ ಊರುಗೋಲು. ಕೆಲಸ ಟಿ. ದಾಸರಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ಪಂಪು, ನಲ್ಲಿ, ಬ್ರೇಕುಗಳಲ್ಲಿ ಸೋರದಂತೆ ಹಾಕುತ್ತಾರಲ್ಲ, ಆ ಕಪ್ಪು ರಬ್ಬರ್ ರಿಂಗುಗಳನ್ನು ನಾವು ಮಾಡುತ್ತೇವೆ. ಈ ಕೆಲಸ ಸಿಗುವ ಮುಂಚೆ ಹದಿನೇಳು ಸಂದರ್ಶನಗಳಿಗೆ ಹೋಗಿದ್ದೆ. ಸಿಕ್ಕ ಉತ್ತರಗಳನ್ನೂ ಬರೆದಿಟ್ಟಿದ್ದೇನೆ: "ಆಮೇಲೆ ಫೋನ್ ಮಾಡ್ತೀವಿ" ಏಳು, "ಮೆಟ್ಟಿಲಿದೆ ಕಣಪ್ಪ" ಐದು, "ನಿಮಗೇ ಕಷ್ಟ ಆಗುತ್ತೆ" ನಾಲ್ಕು. ಒಬ್ಬರು ಮಾತ್ರ ಟೀ ತರಿಸಿ ಕೊಟ್ಟು, ಯಾವ ದೇವಸ್ಥಾನಕ್ಕೆ ಹರಕೆ ಹೊತ್ತರೆ ಕಾಲು ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದರು. ಹದಿನೆಂಟನೆಯದು ನಮ್ಮ ಸಾರ್, ಈ ಕಾರ್ಖಾನೆಯ ಮಾಲೀಕರು. ಅವರು ಕಾಲು ನೋಡಲಿಲ್ಲ, ನನ್ನ ಕೈಬರಹ ನೋಡಿದರು.

ನಮ್ಮ ರಿಂಗುಗಳನ್ನು ಕೊಳ್ಳುವ ಜಪಾನಿನ ಕಂಪನಿಯೊಂದು ಈ ವರ್ಷ ನಮ್ಮಲ್ಲೊಬ್ಬರನ್ನು ಟ್ರೈನಿಂಗಿಗೆ ಕರೆದು, ಜೊತೆಗೆ ಒಂದು ಫಾರಂ ಕಳುಹಿಸಿತು. ನಿಮ್ಮಲ್ಲಿ ಅಂಗವಿಕಲ ಕೆಲಸಗಾರರು ಎಷ್ಟು ಮಂದಿ, ಅವರಿಗೆ ಏನು ಅನುಕೂಲ ಮಾಡಿದ್ದೀರಿ ಎಂದು ಅದರಲ್ಲಿತ್ತು. ನಾನು ಒಬ್ಬ. ಇನ್ನೊಬ್ಬಳು ಮುಬೀನಾ. ಅವಳಿಗೆ ಕಿವಿ ಕೇಳಿಸದು. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬಂದು ಇನ್ಸ್‌ಪೆಕ್ಷನ್ ಮೇಜಿನಲ್ಲಿ ರಿಂಗು ಪರೀಕ್ಷಿಸುತ್ತಿದ್ದಳು. ಮೂರು ತಿಂಗಳ ಟ್ರಯಲ್ ಮೇಲೆ ಸೇರಿಸಿಕೊಂಡಿದ್ದರು. ಆ ಟ್ರಯಲ್ ನಾನು ವಾಪಸು ಬಂದ ಮರುದಿನ ಮುಗಿಯುವುದಿತ್ತು.

"ಲೋ ಮಂಜು, ಟ್ರೈನಿಂಗ್‌ಗೆ ನೀನೇ ಹೋಗು," ಅಂದರು ಸಾರ್. "ಅಲ್ಲಿ ಅವ್ರು ಇಂಥವ್ರನ್ನ ಹೆಂಗ್ ಇಟ್ಕೊಂಡಿದಾರೆ, ಎಲ್ಲಾ ನೋಡ್ಕೊಂಡು ಬರ್ಕೊಂಡ್ ಬಾ. ಬರೆಯೋದ್ರಲ್ಲಿ ನಿನ್ ಬಿಟ್ರೆ ಯಾರಿದಾರೆ."

"ಇಂಥವರು" ಅನ್ನುವಾಗ ನಾನೂ ಅವರಲ್ಲೊಬ್ಬ ಎಂಬುದನ್ನು ಅವರು ಮರೆತಿದ್ದರು. ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡೆ.

"ಮುಬೀನಾ ವಿಷಯ ಸಾರ್?"

"ನೀನ್ ಬಂದ್ಮೇಲೆ ಡಿಸೈಡ್ ಮಾಡೋಣ. ಕೆಲಸ ಚೆನ್ನಾಗ್ ಮಾಡ್ತಾಳೆ, ಇಲ್ಲ ಅನ್ನಲ್ಲ. ಫೋರ್ಕ್‌ಲಿಫ್ಟ್ ಗಾಡಿ ಹಾರ್ನ್ ಕೇಳ್ಸಲ್ವಲ್ಲಪ್ಪ ಅವ್ಳಿಗೆ. ನಾಳೆ ಏನಾದ್ರೂ ಆದ್ರೆ ನನ್ ತಲೆಗೇ ಬರೋದು."

ಹೊರಡುವ ಹಿಂದಿನ ದಿನ ಮುಬೀನಾ ನನ್ನ ಅಂಗೈಯಲ್ಲಿ ಒಂದು ರಿಂಗು ಇಟ್ಟಳು. ನಾನೂ ಇನ್ನಿಬ್ಬರೂ ಭೂತಗನ್ನಡಿ ಹಿಡಿದು ನೋಡಿ ಪಾಸು ಮಾಡಿದ್ದ ರಿಂಗು. ಅದರ ಒಳಮೈಯಲ್ಲಿ ಕೂದಲೆಳೆಯಷ್ಟು ಕಚ್ಚು ಇತ್ತು, ಅವಳು ಬೆರಳಲ್ಲೇ ಹಿಡಿದಿದ್ದಳು. ಆಮೇಲೆ ಮೊಬೈಲಿನಲ್ಲಿ ಬರೆದು ತೋರಿಸಿದಳು: "ಅಣ್ಣ, ಜಪಾನಿನವರು ಇದನ್ನ ಕಂಡುಹಿಡೀತಾರಾ ನೋಡು. ಅಲ್ಲಿ ಜನ ಜಾಸ್ತಿ ಮಾತಾಡಲ್ವಂತೆ. ನನಗೆ ಸರಿಹೋಗೋ ಊರು."

ಮೊದಲ ದಿನ, ಭಾನುವಾರ: ಬಂದಿಳಿದದ್ದು

ಎಡವಟ್ಟು ದಾರಿಯಲ್ಲೇ ಆಯಿತು. ನಡುವೆ ವಿಮಾನ ಬದಲಿಸುವ ಕಡೆ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಊರುಗೋಲಿಗೆ ಒಂದು ಚೀಟಿ ಕಟ್ಟಿ ಒಯ್ದರು. ವಿಮಾನದ ಬಾಗಿಲಲ್ಲಿ ಕೊಡುತ್ತೇವೆ ಅಂದಿದ್ದರು. ಕೊಡಲಿಲ್ಲ. ನನ್ನ ವಿಮಾನ ತಡವಾಯಿತು, ಊರುಗೋಲು ಅದಕ್ಕೂ ಮುಂಚಿನದರಲ್ಲಿ ಹೊರಟುಹೋಗಿತ್ತು.

ಜಪಾನಿನಲ್ಲಿ ಇಳಿದು ಹೊರಗೆ ಬಂದಾಗ ಬೆಳಗ್ಗೆ ಹತ್ತೂಕಾಲು. ನನ್ನ ಹೆಸರಿನ ಫಲಕ ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಅವರ ಪಕ್ಕದಲ್ಲಿ, ಒಂದು ಸ್ಟ್ಯಾಂಡಿಗೆ ನೆಟ್ಟಗೆ ಒರಗಿಸಿದ ನನ್ನ ಊರುಗೋಲು. ಇಬ್ಬರೂ ನನಗಾಗಿ ಕಾಯುತ್ತಿರುವಂತಿತ್ತು. ಮನೆಯ ಮೂಲೆಯಲ್ಲಿ ಸಾವಿರ ಸಲ ನೋಡಿದ ವಸ್ತು, ಆದರೆ ನನಗಿಂತ ಮುಂಚೆ ಬಂದು ನಿಂತಿದ್ದನ್ನು ಕಂಡಾಗ ಮೈ ಸ್ವಲ್ಪ ತಣ್ಣಗಾಯಿತು.

ಆಕೆ ಮೊರಿ-ಸಾನ್, ಕಂಪನಿಯವರು. ಐವತ್ತರ ಆಸುಪಾಸು. ಹೆಸರಿನ ಕೊನೆಯ "ಸಾನ್" ನಮ್ಮ "ಅವರೇ" ಇದ್ದಹಾಗೆ. ಇಂಗ್ಲಿಷ್ ನಿಧಾನವಾಗಿ, ಪ್ರತಿ ಪದವನ್ನೂ ಒರೆಸಿಟ್ಟಂತೆ ಆಡುತ್ತಿದ್ದರು. ಉಳಿದ ದಿನಗಳಲ್ಲಿ ಜಪಾನಿ ಮಾತೆಲ್ಲ ನನಗೆ ಅವರ ಬಾಯಿಂದಲೇ ಬಂದದ್ದು.

ಅಲ್ಲಿಂದ ಎರಡು ಗಂಟೆ ರೈಲು. ನಮ್ಮ ಬೋಗಿಯಲ್ಲಿ ನಲವತ್ತನಾಲ್ಕು ಜನ. ಆಡಿದ ಮಾತು: ಸೊನ್ನೆ.

ಎರಡನೆಯ ದಿನ, ಸೋಮವಾರ: ಹಾಜರಿ ಹಲಗೆ

ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದ ಬಾಗಿಲಲ್ಲಿ ಒಂದು ದೊಡ್ಡ ಮರದ ಹಲಗೆ. ಅದರಲ್ಲಿ ಮೊಳೆಗಳಿಗೆ ನೇತುಹಾಕಿದ ಬೆರಳಗಲದ ಮರದ ಬಿಲ್ಲೆಗಳು, ಒಂದೊಂದರಲ್ಲೂ ಒಬ್ಬೊಬ್ಬರ ಹೆಸರು. ಒಂದು ಮುಖದಲ್ಲಿ ಕಪ್ಪು ಶಾಯಿ, ಇನ್ನೊಂದರಲ್ಲಿ ಕೆಂಪು. ಕಪ್ಪು ಕಂಡರೆ ಬಂದಿದ್ದಾರೆ, ಕೆಂಪು ಕಂಡರೆ ಇಲ್ಲ. ಪ್ರತಿಯೊಬ್ಬರೂ ಬೆಳಗ್ಗೆ ಬಂದು ತಮ್ಮ ಬಿಲ್ಲೆಯನ್ನು ತಾವೇ ತಿರುಗಿಸುತ್ತಾರೆ, ಸಂಜೆ ಹೋಗುವಾಗ ಮತ್ತೆ ತಿರುಗಿಸುತ್ತಾರೆ. ಬೆರಳಚ್ಚು ಒತ್ತುವ ಯಂತ್ರವೂ ಅಲ್ಲೇ ಇದೆ. ಆದರೂ ಬಿಲ್ಲೆ ತಿರುಗಿಸದೆ ಯಾರೂ ಒಳಗೆ ಹೋಗುವುದಿಲ್ಲ. ನಮ್ಮಲ್ಲಿ ಮಷೀನಿನ ಮೇಲಿನ ದೇವರ ಫೋಟೋಗೆ ಕೈಮುಗಿಯುವಂತೆ.

ನನಗೂ ಒಂದು ಹೊಸ ಬಿಲ್ಲೆ ಬರೆಸಿದ್ದರು. ಕೊನೆಯ ಸಾಲಿನ ತುದಿಯಲ್ಲಿ ನೇತುಹಾಕಿದರು. ಎಲ್ಲರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ನನ್ನದು ಬಿಟ್ಟು ಮೂವತ್ತೆಂಟು ಬಿಲ್ಲೆ, ಎಲ್ಲವೂ ಕಪ್ಪು. ಒಳಗೆ ಹೋಗಿ ಅಭ್ಯಾಸದಂತೆ ತಲೆ ಎಣಿಸಿದೆ. ಮೂವತ್ತೆರಡು. ಶೌಚಾಲಯದಲ್ಲಿ ಯಾರಾದರೂ ಇರಬಹುದೆಂದು ಹನ್ನೊಂದು ಗಂಟೆಗೆ ಮತ್ತೆ ಎಣಿಸಿದೆ. ಮೂವತ್ತೆರಡು. ಊಟದ ಹೊತ್ತಿಗೆ, ಸಂಜೆ ನಾಲ್ಕಕ್ಕೆ, ಮೂವತ್ತೆರಡು.

ಮಧ್ಯಾಹ್ನ ಹಲಗೆಯ ಹತ್ತಿರ ನಿಂತು ಸರಿಯಾಗಿ ನೋಡಿದೆ. ದಿನಕ್ಕೆರಡು ಸಲ ಮುಟ್ಟಿ ಮುಟ್ಟಿ ಬಿಲ್ಲೆಗಳ ಅಂಚು ಬೆರಳಿನ ಎಣ್ಣೆಗೆ, ರಬ್ಬರಿನ ಮಸಿಗೆ ಕಪ್ಪಾಗಿತ್ತು. ಕೊನೆಯ ಸಾಲು ಹಾಗಿರಲಿಲ್ಲ. ಅಲ್ಲಿನ ಆರರಲ್ಲಿ ಐದು ಬಿಲ್ಲೆಗಳ ಅಂಚು ಈಗಷ್ಟೇ ಬಡಗಿಯ ಕೈಯಿಂದ ಬಂದಂತೆ ಬೆಳ್ಳಗಿತ್ತು. ಒಂದು ಮಾತ್ರ ಕಪ್ಪು. ಅದನ್ನೂ ಬರೆದುಕೊಂಡೆ: ಐದು ಬಿಳಿ, ಒಂದು ಕಪ್ಪು.

ಮೂರು, ನಾಲ್ಕನೆಯ ದಿನ: ಹಳದಿ ದಾರಿ

ಕುರುಡರಿಗಾಗಿ ನೆಲದಲ್ಲಿ ಉಬ್ಬುಗೆರೆಯ ಹಳದಿ ಕಲ್ಲು ಹಾಸುವುದನ್ನು ನಾವೂ ನೋಡಿದ್ದೇವೆ. ನಾಗಸಂದ್ರ ಮೆಟ್ರೋ ಸ್ಟೇಷನ್ನಿನಲ್ಲಿ ಜನ ಅದರ ಮೇಲೆ ಬ್ಯಾಗು ಇಟ್ಟು, ಕಾಲು ಚಾಚಿ, ಫೋನಿನಲ್ಲಿ ಜಗಳವಾಡುತ್ತ ನಿಂತಿರುತ್ತಾರೆ. ಈ ಊರಿನಲ್ಲಿ ಹಳದಿ ದಾರಿ ರೈಲು ನಿಲ್ದಾಣದಿಂದ ಹೊರಟು, ರಸ್ತೆ ದಾಟಿ, ಕಾರ್ಖಾನೆಯ ಗೇಟಿನವರೆಗೂ ಬರುತ್ತದೆ. ರಸ್ತೆ ದಾಟುವಲ್ಲಿ ಕಂಬದೊಳಗಿಂದ ಕೋಗಿಲೆಯಂಥ ಸದ್ದು, ಕುರುಡರಿಗೆ ಈಗ ದಾಟಬಹುದೆಂದು ತಿಳಿಸಲು. ದಿನವೂ ಆ ಕೋಗಿಲೆ ಕೂಗಿತು. ಆ ದಾರಿ ಹಿಡಿದು ನಡೆದ ಒಬ್ಬ ಕುರುಡರನ್ನೂ ನಾನು ಕಾಣಲಿಲ್ಲ.

ವಿಚಿತ್ರವೆಂದರೆ ಹಳದಿ ದಾರಿ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ಅಂಗಳ ದಾಟಿ, ನಮ್ಮ ವಿಭಾಗದ ಬಾಗಿಲು ಹೊಕ್ಕು, ಮೇಜುಗಳ ನಡುವೆ ಎರಡು ಸಲ ತಿರುಗಿ, ಕಿಟಕಿ ಪಕ್ಕದ ಒಂದು ಮೇಜಿನ ಕುರ್ಚಿಯ ಬುಡದಲ್ಲಿ ಮುಗಿಯುತ್ತಿತ್ತು. ಅದು ನನಗೆ ಕೊಟ್ಟಿದ್ದ ಮೇಜು.

ವಿಭಾಗದಲ್ಲಿ ಯಾರೂ ಆ ಹಳದಿಯನ್ನು ತುಳಿಯುತ್ತಿರಲಿಲ್ಲ. ಟ್ರೇ ಹೊತ್ತು ಬರುವವರು ಕೂಡ ಅಲ್ಲಿಗೆ ಬಂದಾಗ ಕಾಲೆತ್ತಿ ದಾಟುತ್ತಿದ್ದರು, ಹೊಸಿಲು ದಾಟುವ ಹಾಗೆ. ದಿನವೂ ಬೆಳಗ್ಗೆ ಒಬ್ಬರು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮಂಗಳವಾರ ಬೆಳಗ್ಗೆ ಏಳೂವರೆಯಿಂದ ಹತ್ತರವರೆಗೆ ನೂರಾ ಹನ್ನೆರಡು ಸಲ ದಾಟಿದರು. ತುಳಿದದ್ದು ಒಂದು ಊರುಗೋಲು, ನನ್ನದು.

"ಯಾರಿಗಾಗಿ ಇದು?" ಎಂದು ಮೊರಿ-ಸಾನ್ ಅವರನ್ನು ಕೇಳಿದೆ.

"ಬೇಕಾದವರಿಗಾಗಿ," ಅಂದರು.

"ಬೇಕಾದವರು ಎಲ್ಲಿ?"

ಅವರು ನಕ್ಕರು. ನನ್ನ ಟೀ ಮುಗಿದಿದೆಯೇ ಎಂದು ನೋಡಿ ಲೋಟ ತುಂಬಿಸಿದರು.

ಇಲ್ಲಿ ಇನ್ನೊಂದು ಲೆಕ್ಕ ಹೇಳಬೇಕು. ಊರು ಬಿಡುವ ಮುಂಚಿನ ಹನ್ನೊಂದು ದಿನಗಳಲ್ಲಿ ಹೆಬ್ಬಾಳದ ಬಸ್‌ಸ್ಟಾಪು, ಯಶವಂತಪುರದ ಮಾರುಕಟ್ಟೆ, ನಮ್ಮ ಬೀದಿ ಎಲ್ಲ ಸೇರಿ ಒಂಬತ್ತು ಜನ ಅಪರಿಚಿತರು "ಏನಾಯ್ತಪ್ಪ ಕಾಲಿಗೆ? ಹುಟ್ಟಿದಾಗಿಂದಾನಾ?" ಎಂದು ಕೇಳಿದ್ದರು. ಒಬ್ಬ ಅಜ್ಜಿ ಬಸ್ಸಿನಲ್ಲಿ ನನ್ನ ಮೊಣಕಾಲನ್ನೇ ಮುಟ್ಟಿ ನೋಡಿ, "ಇಂಗೇ ಉಟ್ತಾ ಮಗಾ?" ಅಂದಿದ್ದಳು. ಆಗ ಸಿಟ್ಟು ಬಂದಿತ್ತು. ಇಲ್ಲಿ ಕೇಳಿದವರು ಸೊನ್ನೆ. ನಾನು ಎದ್ದು ನಿಂತರೆ ಅಕ್ಕಪಕ್ಕದ ಮೂವರು ಸದ್ದಿಲ್ಲದೆ ಸರಿದು ಜಾಗ ಬಿಡುತ್ತಿದ್ದರು. ನಾನು ದಾಟುವವರೆಗೂ ಅಲುಗುತ್ತಿರಲಿಲ್ಲ. ಬುಧವಾರದ ಹೊತ್ತಿಗೆ, ಯಾರಾದರೂ ಆ ಅಜ್ಜಿಯ ಹಾಗೆ ಮೊಣಕಾಲು ಮುಟ್ಟಿದರೆ ಸಾಕು ಅನ್ನಿಸತೊಡಗಿತ್ತು.

ಆರನೆಯ ದಿನ, ಶುಕ್ರವಾರ: ಸೊಪ್ಪಿನ ಚೀಲ

ಬೇಗ ಹೋಗಿ ಹಲಗೆಯ ಎದುರಿನ ಬೆಂಚಿನಲ್ಲಿ ಕುಳಿತೆ. ಏಳು ಗಂಟೆಗೆ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡ ಹಿರಿಯ ಗುಮಾಸ್ತರೊಬ್ಬರು ಬಂದರು. ಕೊನೆಯ ಸಾಲಿನ ಮುಂದೆ ನಿಂತು ಚೂರು ತಲೆಬಾಗಿದರು. ಆರು ಬಿಲ್ಲೆಗಳನ್ನು ಒಂದೊಂದಾಗಿ ಕಪ್ಪಿಗೆ ತಿರುಗಿಸಿದರು. ಆ ಕ್ಷಣದಲ್ಲಿ ಕಟ್ಟಡದೊಳಗೆ ನಾನೂ ಅವರೂ ಬಿಟ್ಟರೆ ಯಾರೂ ಇರಲಿಲ್ಲ. ಹಲಗೆಯ ಪ್ರಕಾರ ಆರು ಮಂದಿ ಕೆಲಸಕ್ಕೆ ಬಂದಿದ್ದರು.

ಹನ್ನೆರಡಕ್ಕೆ ಪ್ರತಿ ಮೇಜಿನ ಮೇಲೂ ಒಂದೊಂದು ಕಾಗದದ ಚೀಲ. ಒಳಗೆ ಲೆಟ್ಯೂಸ್ ಸೊಪ್ಪು, ಎಲೆಯ ಮೇಲೆ ಇನ್ನೂ ನೀರಿನ ಹನಿ. ಜೊತೆಗೊಂದು ಚೀಟಿ. ಮೊರಿ-ಸಾನ್ ಓದಿ ಹೇಳಿದರು: "ನಿಮ್ಮ ಸಹೋದ್ಯೋಗಿಗಳು ಮನಸ್ಸಿಟ್ಟು ಬೆಳೆದದ್ದು."

"ಯಾವ ಸಹೋದ್ಯೋಗಿಗಳು?"

ಅವರು ಕಿಟಕಿಯ ಆಚೆ ನೋಡಿದರು. ನಾನು ನೋಟ್‌ಬುಕ್ಕು ತೆರೆದು, ಸೋಮವಾರದಿಂದ ಎಣಿಸಿದ್ದನ್ನು ತೋರಿಸಿದೆ. ದಿನಕ್ಕೆ ನಾಲ್ಕು ಸಲ, ಎಲ್ಲದರಲ್ಲೂ ಮೂವತ್ತೆರಡು. ಅವರಿಗೆ ಕನ್ನಡ ಬಾರದು, ಅಂಕಿಗಳು ಬಂದವು. ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು.

"ಅವರೂ ಕೆಲಸ ಮಾಡುತ್ತಾರೆ," ಅಂದರು. "ಬೇರೆ ಜಾಗದಲ್ಲಿ. ಅಂಗವಿಕಲರನ್ನು ಇಷ್ಟು ಮಂದಿ ಇಟ್ಟುಕೊಳ್ಳಲೇಬೇಕೆಂದು ಇಲ್ಲಿ ಕಾನೂನಿದೆ. ತೀವ್ರ ಅಂಗವಿಕಲರಾದರೆ ಕಾಗದದಲ್ಲಿ ಒಬ್ಬರನ್ನು ಇಬ್ಬರೆಂದು ಎಣಿಸುತ್ತಾರೆ. ಹಾಗಾಗಿ ಆ ಆರು ಬಿಲ್ಲೆ, ಕಾಗದದಲ್ಲಿ ಹತ್ತು ಜನ."

ಎಣಿಕೆಯಲ್ಲಿ ಹೀಗೂ ಆಗಬಹುದೆಂದು ನನಗೆ ಗೊತ್ತಿರಲಿಲ್ಲ. "ನಾನು ಇಲ್ಲಿ ಸೇರಿದರೆ?"

ಅವರು ನನ್ನ ಊರುಗೋಲನ್ನು ಕಣ್ಣಲ್ಲೇ ಅಳೆದರು. "ನೀವು ಬಹುಶಃ ಒಬ್ಬರೇ," ಅಂದರು. ಕ್ಷಮೆ ಕೇಳುವ ದನಿಯಲ್ಲಿ.

ಅವರನ್ನು ನೋಡಬೇಕು ಎಂದೆ. ನಮ್ಮ ಸಾರ್ ಬರೆದುಕೊಂಡು ಬಾ ಎಂದದ್ದು ಅದನ್ನೇ ತಾನೇ. ಮೊರಿ-ಸಾನ್ ಯಾರಿಗೋ ಫೋನು ಮಾಡಿದರು, ಆಮೇಲೆ ಇನ್ನೊಬ್ಬರಿಗೆ. ಸೋಮವಾರ ಆಗಬಹುದು ಅಂದರು.

ಒಂಬತ್ತನೆಯ ದಿನ, ಸೋಮವಾರ: ಪಾಲಿಹೌಸು

ರೈಲಿನಲ್ಲಿ ಒಂದೂವರೆ ಗಂಟೆ, ಆಮೇಲೆ ಟ್ಯಾಕ್ಸಿ. ಬಯಲಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಅದರೊಳಗಿಂದ ಉದ್ದುದ್ದ ಬಿಳಿ ಪಾಲಿಹೌಸುಗಳು ಒಂದರ ಹಿಂದೊಂದು ಕಾಣತೊಡಗಿದವು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಗುಲಾಬಿ ಬೆಳೆಯುವವರು ಕಟ್ಟುವಂಥವೇ. ಇಪ್ಪತ್ತಮೂರನ್ನು ಎಣಿಸಿದೆ, ಮುಂದಿನವು ಮಂಜಿನಲ್ಲಿದ್ದವು.

ಒಳಗೆ ಬಲೆ ಕಟ್ಟಿ ಕೋಣೆಗಳ ಹಾಗೆ ಭಾಗ ಮಾಡಿದ್ದರು. ಪ್ರತಿ ಭಾಗದ ಮುಂದೆ ಒಂದು ಫಲಕ. ಬ್ಯಾಂಕು, ವಿಮೆ, ಬಣ್ಣ, ಬಿಸ್ಕತ್ತು, ಒಂದೊಂದು ಭಾಗ ಒಂದೊಂದು ಕಂಪನಿಯದು ಎಂದು ಮೊರಿ-ಸಾನ್ ಹೇಳಿದರು. ಆಯಾ ಕಂಪನಿಯ ಸಂಬಳದ ಪಟ್ಟಿಯಲ್ಲಿರುವ ಅಂಗವಿಕಲರು ಇಲ್ಲಿ ಸೊಪ್ಪು ಬೆಳೆಯುತ್ತಾರೆ. ಬ್ಯಾಂಕಿನವರು ಬ್ಯಾಂಕು ನೋಡಿಲ್ಲ, ಬಿಸ್ಕತ್ತಿನವರು ಬಿಸ್ಕತ್ತಿನ ಕಾರ್ಖಾನೆ ನೋಡಿಲ್ಲ. ಸೊಂಟದೆತ್ತರದ ಮಡಿಗಳು, ಗಾಲಿಕುರ್ಚಿಯಿಂದ ಕೈಗೆಟುಕುವಂತೆ. ಎಲ್ಲ ಅನುಕೂಲವೂ ಇತ್ತು, ಇಳಿಜಾರು, ಕೈಹಿಡಿ, ಬೆಚ್ಚನೆಯ ಶೌಚಾಲಯ. ಹದಿನೇಳು ಸಂದರ್ಶನಗಳಲ್ಲಿ ನಾನು ಕನಸು ಕಂಡದ್ದೆಲ್ಲ ಅಲ್ಲಿತ್ತು. ನೂರಾರು ಜನರ ಕೈಗಳು ಎಲೆಗಳ ನಡುವೆ ಆಡುತ್ತಿದ್ದವು. ಬಿಲ್ಲಿನಂತೆ ಬಾಗಿದ ಆ ಬಿಳಿ ಸೂರಿನ ಕೆಳಗೆ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ನಮ್ಮ ವಿಭಾಗದ ಆರು ಮಂದಿ ಹದಿನಾಲ್ಕನೆಯ ಪಾಲಿಹೌಸಿನಲ್ಲಿದ್ದರು. ಎಣಿಸಿದೆ. ಆರು. ನಾನು ನಕ್ಕಿರಬೇಕು, ಅವರಲ್ಲೊಬ್ಬರು ತಲೆಯೆತ್ತಿದರು. ಅರವತ್ತರ ಹತ್ತಿರದ ಗಂಡಸು, ಕಣ್ಣುಗಳು ನನ್ನ ಭುಜದ ಪಕ್ಕದಲ್ಲೆಲ್ಲೋ ನಿಂತಿದ್ದವು. ಕುರುಡರು. ಹೆಸರು ಒಗಾವಾ-ಸಾನ್. ಹಲಗೆಯಲ್ಲಿ ಅಂಚು ಕಪ್ಪಾದ ಒಂದೇ ಬಿಲ್ಲೆ ಇವರದೆಂದು ಮೊರಿ-ಸಾನ್ ಹೇಳಿದರು.

ಅವರು ಕೇಳಿದ ಮೊದಲ ಪ್ರಶ್ನೆಯನ್ನು ಮೊರಿ-ಸಾನ್ ತಡವರಿಸಿ ಅನುವಾದ ಮಾಡಿದರು. "ಕಿಟಕಿ ಪಕ್ಕದ ಮೇಜಿನಲ್ಲಿ ಈಗ ಯಾರು ಕೂರುತ್ತಾರೆ?"

"ಸದ್ಯಕ್ಕೆ ನಾನು," ಎಂದೆ.

"ಹಳದಿ ದಾರಿ ಇನ್ನೂ ಇದೆಯೇ?"

ಇದೆ, ದಿನವೂ ಒರೆಸುತ್ತಾರೆ, ಯಾರೂ ತುಳಿಯುವುದಿಲ್ಲ ಎಂದೆ. ಅವರು ತಲೆಯಾಡಿಸಿದರು, ಗೊತ್ತಿದ್ದ ಸಂಗತಿಯೆಂಬಂತೆ.

ಇಪ್ಪತ್ತೆರಡು ವರ್ಷ ಆ ಮೇಜಿನಲ್ಲಿ ರಿಂಗು ಪರೀಕ್ಷಿಸಿದವರು ಅವರು. ಕಾಯಿಲೆಯಲ್ಲಿ ಕಣ್ಣು ಹೋಯಿತು, ಬೆರಳು ಹೋಗಲಿಲ್ಲ. ಕೆಲಸದಲ್ಲಿ ತಪ್ಪೂ ಆಗಲಿಲ್ಲ. ಕಂಪನಿಯವರೇ ಹಳದಿ ದಾರಿ ಹಾಸಿಸಿದರು. "ಅದರ ಮೇಲೆ ನಾನು ನಡೆದದ್ದು ನಾಲ್ಕು ದಿನ," ಅಂದರು. "ಎಲ್ಲರೂ ಒಳ್ಳೆಯವರು. ನಾನು ಒಳಗೆ ಬಂದರೆ ಮಾತು ನಿಲ್ಲಿಸಿ, ದಾರಿ ಬಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೋಣೆ ತುಂಬ ಜನ ಉಸಿರು ಹಿಡಿದು ನಿಂತಿರುವುದು ಕುರುಡನಿಗೆ ಕೇಳಿಸುತ್ತದೆ. ಐದನೆಯ ದಿನ ಅವರೂ ಸುಸ್ತಾಗಿದ್ದರು, ನಾನೂ. ಇಲ್ಲಿಗೆ ಬರುತ್ತೀರಾ ಎಂದು ಕೇಳಿದರು."

ಜೇಬಿನಿಂದ ಮುಬೀನಾ ಕೊಟ್ಟ ರಿಂಗು ತೆಗೆದು ಅವರ ಅಂಗೈಯಲ್ಲಿ ಇಟ್ಟೆ.

ಅವರು ಕೈ ಒರೆಸಿಕೊಂಡರು. ರಿಂಗನ್ನು ಕಿರುಬೆರಳಿಗೆ ಹಾಕಿ, ಹೆಬ್ಬೆರಳಿನಿಂದ ಒಳಗಿನ ಮೈ ಹೊರಗಾಗುವಂತೆ ಹೊರಳಿಸುತ್ತ ಹೋದರು. ನಮ್ಮಲ್ಲಿ ಮುಬೀನಾ ಮಾಡುವುದೂ ಹೀಗೆಯೇ, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೂ ಆಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಾಲ್ಕು ಸಾವಿರ ಮೈಲಿ ಆಚೆ, ಇನ್ನೊಬ್ಬರ ಕೈಯಲ್ಲಿ ಅವಳ ಬೆರಳು ಆಡುತ್ತಿದ್ದಂತಿತ್ತು. ಹೆಬ್ಬೆರಳು ತಟ್ಟನೆ ನಿಂತಿತು. ಕಚ್ಚು ಇದ್ದ ಜಾಗದಲ್ಲೇ.

"ಇದನ್ನು ಹಿಡಿದವರು ಯಾರು?"

"ನಮ್ಮಲ್ಲಿ ಒಬ್ಬ ಹುಡುಗಿ. ಅವಳಿಗೆ ಕಿವಿ ಕೇಳಿಸುವುದಿಲ್ಲ."

"ಎಲ್ಲಿ ಕೂರುತ್ತಾಳೆ?"

"ಕಿಟಕಿ ಪಕ್ಕ."

"ಅಲ್ಲಿಂದ ಎಬ್ಬಿಸಬೇಡಿ," ಅಂದರು ಒಗಾವಾ-ಸಾನ್. ಆಮೇಲೆ, ರಿಂಗನ್ನು ಇಟ್ಟುಕೊಳ್ಳಲೇ ಎಂದು ಕೇಳಿದರು. ಇಟ್ಟುಕೊಳ್ಳಿ ಎಂದೆ. ಅದನ್ನು ಕಿರುಬೆರಳಿನಿಂದ ತೆಗೆಯದೆಯೇ ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಹೊರಗೆ ಬಂದು ಹಿಂಭಾಗಕ್ಕೆ ತಿರುಗಿದಾಗ ಆಳೆತ್ತರದ ಒಂದು ರಾಶಿ ಕಂಡಿತು. ಲೆಟ್ಯೂಸ್. ಮೇಲಿನದು ಅಂದು ಬೆಳಗ್ಗೆಯೇ ಕೊಯ್ದದ್ದಿರಬೇಕು, ಬಾಡಿರಲಿಲ್ಲ. ಕೆಳಗಿನದು ಕಪ್ಪಾಗಿ ಮಣ್ಣಾಗುತ್ತಿತ್ತು, ಮೇಲಿನದರ ಮೇಲೆ ನೀರಿನ ಹನಿ ಹೊಳೆಯುತ್ತಿತ್ತು. ಕಚೇರಿಗಳಿಗೆ ಹಂಚಿ ಮಿಕ್ಕದ್ದು. ಮೊರಿ-ಸಾನ್ ನನ್ನ ತೋಳು ಹಿಡಿದು ಟ್ಯಾಕ್ಸಿಯ ಕಡೆ ತಿರುಗಿಸಿದರು. ಹನ್ನೊಂದು ದಿನಗಳಲ್ಲಿ ಆ ದೇಶದಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದು ಅದೊಂದೇ ಸಲ.

ಹತ್ತನೆಯ ದಿನ, ಮಂಗಳವಾರ: ನನ್ನ ಬಿಲ್ಲೆ

ಹೊರಡುವ ಹಿಂದಿನ ದಿನ. ಹಲಗೆಯ ಮುಂದೆ ನಿಂತಾಗ ಎರಡು ಸಂಗತಿ ಹೊಳೆದವು. ಮೊದಲನೆಯದು, ನನ್ನ ಬಿಲ್ಲೆ ನೇತುಬಿದ್ದಿದ್ದುದು ಆ ಆರು ಬಿಲ್ಲೆಗಳ ಸಾಲಿನಲ್ಲಿ. ಜಾಗ ಮೇಲೆಯೂ ಇತ್ತು. ಎರಡನೆಯದು, ನಾನು ಇನ್ನೂ ಕೈ ಎತ್ತಿಯೇ ಇರಲಿಲ್ಲ, ಬಿಲ್ಲೆ ಆಗಲೇ ಕಪ್ಪಾಗಿತ್ತು. ಬಿಳಿ ಕೈಗವಸಿನವರು ಏಳಕ್ಕೇ ಬಂದು ಹೋಗಿದ್ದರು.

"ನಿನ್ನೆ ನಾನು ಇಲ್ಲಿರಲಿಲ್ಲವಲ್ಲ, ಆಗ?" ಎಂದು ಮೊರಿ-ಸಾನ್ ಅವರನ್ನು ಕೇಳಿದೆ.

"ನಿನ್ನೆಯೂ ನೀವು ಬಂದಿದ್ದಿರಿ," ಅಂದರು.

ಮತ್ತೆ ಟಿ. ದಾಸರಹಳ್ಳಿ

ವರದಿ ಹದಿನೆಂಟು ಪುಟವಾಯಿತು. ಆರನೆಯ ಪುಟದಲ್ಲಿ ಫೋರ್ಕ್‌ಲಿಫ್ಟಿನ ವಿಷಯ ಬರೆದಿದ್ದೆ. ಅಲ್ಲಿ ಹಾರ್ನಿನ ಜೊತೆ ಒಂದು ತಿರುಗುವ ಕೆಂಪು ದೀಪವೂ ಇರುತ್ತದೆ, ಕಣ್ಣಿಗೆ ಹೊಡೆಯುವಂಥದ್ದು. ನಾವೂ ಹಾಕಿಸಬಹುದು. ಹನ್ನೆರಡರಿಂದ ಹದಿನಾಲ್ಕನೆಯ ಪುಟದವರೆಗೆ ಪಾಲಿಹೌಸು, ನನ್ನ ಅಭ್ಯಾಸದಂತೆ ಎಲ್ಲ ವಿವರಗಳೊಂದಿಗೆ: ಮಡಿಯ ಎತ್ತರ, ಒಂದು ಭಾಗಕ್ಕೆ ಎಷ್ಟು ಜನ, ಹಲಗೆ, ಬಿಲ್ಲೆ, ಕೈಗವಸು. ಓದಿದವರಿಗೆ ನನಗಾದದ್ದೇ ಆಗುತ್ತದೆ ಅಂದುಕೊಂಡಿದ್ದೆ.

ಸಾರ್ ಶುಕ್ರವಾರ ಓದಿ ಮುಗಿಸಿ ನನ್ನನ್ನು ಕರೆದರು. ಮುಖ ಅರಳಿತ್ತು.

"ಹದಿಮೂರನೇ ಪೇಜ್ ಸೂಪರ್ ಕಣೋ. ಯಲಹಂಕದ ಆಚೆ ನಮ್ ಭಾವನ ಸೈಟ್ ಖಾಲಿ ಬಿದ್ದಿದೆ. ಒಂದು ಶೇಡ್‌ನೆಟ್ ಹಾಕ್ಸಿದ್ರೆ ದಂಟು, ಪಾಲಕ್ ಏನ್ ಬೇಕಾದ್ರೂ ಬೆಳೀಬೋದು. ಆ ಹುಡುಗೀನ ಪರ್ಮನೆಂಟ್ ಮಾಡ್ಬಿಡೋಣ. ಅಲ್ಲಿ ರೆಡಿ ಆಗೋವರ್ಗೂ ಮನೇಲೇ ಇರ್ಲಿ, ಸಂಬಳ ಹೋಗುತ್ತೆ. ಇನ್ಮೇಲೆ ಇಂಥವ್ರು ಯಾರೇ ಬಂದ್ರೂ ಇಲ್ಲ ಅನ್ನೋ ಹಾಗೇ ಇಲ್ಲ."

"ಸಾರ್, ನಾನು ಅದನ್ನ ಬರ್ದಿದ್ದು…"

"ಎಷ್ಟ್ ಡೀಟೇಲಾಗಿ ಬರ್ದಿದೀಯೋ ಮಾರಾಯ. ಅಳತೆ ಎಲ್ಲಾ ಹಾಕ್ಬಿಟ್ಟಿದೀಯ, ನನ್ಗೆ ಇನ್ನೊಬ್ರನ್ನ ಕೇಳೋ ಕೆಲ್ಸಾನೇ ಇಲ್ಲ."

"ಆರನೇ ಪೇಜ್ ನೋಡಿದ್ರಾ ಸಾರ್? ದೀಪದ್ದು?"

"ನೋಡ್ತೀನಿ, ನೋಡ್ತೀನಿ."

ಮುಬೀನಾಗೆ ಸುದ್ದಿ ಅವಳ ಅಣ್ಣನ ಫೋನಿಗೆ ಹೋಯಿತು. ಮನೆಯವರು ಖುಷಿಯಾಗಿದ್ದರು. ಅವಳು ನನಗೆ ಬರೆದಳು: "ಕೆಲಸ ಬಿಡಿಸಿಲ್ಲ, ಬರೋದೂ ಬೇಡ ಅಂತಾರೆ. ಇವತ್ತು ಏನ್ ಮಾಡಿದೆ ಅಂತ ಅಮ್ಮಿ ಕೇಳಿದ್ರೆ ಏನು ಹೇಳಲಿ ಅಣ್ಣ?" ಉತ್ತರ ಬರೆದು ಅಳಿಸಿದೆ, ನಾಲ್ಕು ಸಲ. ಅಳತೆ ಕೊಟ್ಟವನು ನಾನೇ.

ಮುಂದಿನ ವಾರ ನಮ್ಮ ಬಾಗಿಲಲ್ಲೂ ಒಂದು ಹಲಗೆ ಬಂತು. ಮರದ್ದಲ್ಲ, ಬಿಳಿ ಪ್ಲಾಸ್ಟಿಕ್ಕಿನದು. ಬಿಲ್ಲೆಯ ಒಂದು ಮುಖ ಹಸಿರು, ಒಂದು ಮುಖ ಕೆಂಪು. ದಿನವೂ ಎಂಟೂವರೆಗೆ ಅದರ ಫೋಟೋ ತೆಗೆದು ಜಪಾನಿಗೆ ಕಳುಹಿಸಬೇಕೆಂದು ಸಾರ್ ನನಗೆ ಹೇಳಿದರು. ಕೊನೆಯ ಸಾಲಿನಲ್ಲಿ ಎರಡೇ ಬಿಲ್ಲೆ, ಮುಬೀನಾಳದು ಮತ್ತು ನನ್ನದು. ಎರಡನ್ನೂ ಬೆಳಗ್ಗೆ ವಾಚ್‌ಮನ್ ತಿಮ್ಮಯ್ಯ ತಿರುಗಿಸುತ್ತಿದ್ದ.

"ನಂದ್ಯಾಕೆ ನೀವು ತಿರುಗ್ಸಿದ್ರಿ ತಿಮ್ಮಯ್ಯ? ನಾನು ಬರ್ತೀನಲ್ಲ."

"ಸಾರ್ ಯೋಳವ್ರೆ ಕಣಣ್ಣ, ಲಾಸ್ಟ್ ಲೈನ್ ನೀನೇ ನೋಡ್ಕೊ ಅಂತ."

ಹಾಗಾಗಿ ಆರು ಕೆಲಸದ ದಿನ ನಾನು ಬರುವ ಮುಂಚೆಯೇ ನಾನು ಬಂದಿದ್ದೆ. ಮುಬೀನಾಳ ಸ್ಟೂಲು ಖಾಲಿ ಇತ್ತು, ಬಿಲ್ಲೆ ಹಸಿರು ಇತ್ತು. ಹಲಗೆಯಲ್ಲಿ ನಲವತ್ತೊಂದು, ತಲೆ ನಲವತ್ತು. ಆ ಸ್ಟೂಲಿನ ಪಕ್ಕದಲ್ಲಿ ಹಾದುಹೋಗುವಾಗ ನಮ್ಮವರೂ ಯಾಕೋ ಸ್ವಲ್ಪ ಸರಿದು ನಡೆಯತೊಡಗಿದ್ದರು. ಅದನ್ನು ಕಂಡ ದಿನ ನಾನು ಹಲಗೆಯ ಫೋಟೋವನ್ನು ಇನ್ನೊಂದು ನಂಬರಿಗೂ ಕಳುಹಿಸಿದೆ.

ಮುಬೀನಾ ಕೇಳಿದಳು: "ಅಣ್ಣ, ಇದರಲ್ಲಿ ನಾನು ಇದೀನಾ?"

"ದಿನಾ. ಎಂಟೂವರೆಗಿಂತ ಮುಂಚೆ."

ಆಮೇಲೆ: "ಹಾಗಾದ್ರೆ ಲೇಟ್ ಮಾಡಬಾರದು."

ಮರುದಿನ ಎಂಟಕ್ಕೇ ಅವಳು ಬಂದಳು. ತಿಮ್ಮಯ್ಯ ತಡೆಯಲಿಲ್ಲ, ಬಂದಿದ್ದಾಳೆಂದು ತಾನೇ ತಿರುಗಿಸಿಟ್ಟಿದ್ದನಲ್ಲ. ನಾನು ಫೋಟೋ ಕಳುಹಿಸಿದೆ. ಒಂಬತ್ತಕ್ಕೆ ಸಾರ್ ಒಳಗೆ ಬಂದವರು ಕಿಟಕಿಯ ಕಡೆ ನೋಡಿ ಅಲ್ಲೇ ನಿಂತುಬಿಟ್ಟರು. ಅವಳು ಬೆನ್ನು ತಿರುಗಿಸಿ ಕುಳಿತು, ಕಿರುಬೆರಳಿನಲ್ಲಿ ರಿಂಗು ಹೊರಳಿಸುತ್ತಿದ್ದಳು. ಸತ್ತವರನ್ನು ಕಂಡವರ ಮುಖ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಹಾಗೆಯೇ ಇರಬಹುದು.

"ಇವ್ಳು ಇಲ್ಲಿ…"

"ಬಂದಿದಾಳೆ ಸಾರ್. ಬೋರ್ಡಲ್ಲೂ ಇದೆ."

ಅವರು ಹಲಗೆ ನೋಡಿದರು, ಅವಳನ್ನು ನೋಡಿದರು. "ಫೋಟೋ ಹೋಯ್ತಾ?"

"ಹೋಯ್ತು ಸಾರ್."

ಯಾರೂ ಉಸಿರಾಡುತ್ತಿರಲಿಲ್ಲ. ನನಗೆ ಕೇಳಿಸುತ್ತಿತ್ತು. ಆಮೇಲೆ ಸಾರ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಫೋರ್ಕ್‌ಲಿಫ್ಟ್ ದಾರಿಗೆ ಬೆನ್ನು ಹಾಕ್ಕೊಂಡು ಕೂರ್ಬೇಡ ಅಂತ ಹೇಳು ಅವ್ಳಿಗೆ. ಸ್ಟೂಲ್ ಆ ಕಡೆ ತಿರುಗ್ಸು." ಹೊರಟವರು ಬಾಗಿಲಲ್ಲಿ ನಿಂತರು. "ಎಷ್ಟನೇ ಪೇಜೋ ಅದು, ದೀಪದ್ದು?"

ಅಂದು ಮೂರು ಸಲ ಎಣಿಸಿದೆ. ಹಲಗೆಯಲ್ಲಿ ನಲವತ್ತೊಂದು, ತಲೆ ನಲವತ್ತೊಂದು.

ದೀಪ ಇನ್ನೂ ಬಂದಿಲ್ಲ. ಯಲಹಂಕದ ಶೇಡ್‌ನೆಟ್ಟಿನ ಮಾತೂ ಪೂರ್ತಿ ನಿಂತಿಲ್ಲ. ಮುಬೀನಾ ಈಗ ತಿಮ್ಮಯ್ಯನಿಗಿಂತ ಮುಂಚೆ ಬಂದು, ರಬ್ಬರಿನ ಮಸಿ ಹತ್ತಿದ ಬೆರಳಿನಲ್ಲಿ ತನ್ನ ಬಿಲ್ಲೆಯನ್ನು ತಾನೇ ತಿರುಗಿಸುತ್ತಾಳೆ. ನಾನು ನನ್ನದನ್ನು. ಬಿಳಿ ಪ್ಲಾಸ್ಟಿಕ್ಕಿನ ಅಂಚು ಕಪ್ಪಾಗಲು ಎಷ್ಟು ದಿನ ಹಿಡಿಯುತ್ತದೆಂದು ಬರೆದಿಡುತ್ತಿದ್ದೇನೆ. ಇವತ್ತಿಗೆ ಇಪ್ಪತ್ತಮೂರು. ಅವಳದರ ಎಡ ಮೂಲೆಯಲ್ಲಿ ಒಂದು ಗುರುತು ಕಾಣಿಸಿಕೊಂಡಿದೆ.